ಕಾರಿನ ಹೆಡ್‌ಲೈಟ್ ಉರಿಯುತ್ತಿಲ್ಲವೇ? ಹೊಸ ಬಲ್ಬ್ ಕೊಳ್ಳುವ ಮುನ್ನ

ಒಂದೇ ಹೆಡ್‌ಲೈಟ್ ಉರಿಯುವ ಕಾರು ಎದುರಿನಿಂದ ಬರುವವರಿಗೆ ಬೈಕಿನಂತೆ ಕಾಣುತ್ತದೆ. ಅದರಲ್ಲೂ ಬಲಗಡೆಯ ಲೈಟ್ ಕೆಟ್ಟಿದ್ದರೆ, ಕತ್ತಲಲ್ಲಿರುವ ಅರ್ಧ ಕಾರು ಎದುರಿನವರ ಪಕ್ಕಕ್ಕೇ ಬರುತ್ತದೆ. ತಾಳವಾಡಿ ಕಡೆಯಿಂದ ಬಣ್ಣಾರಿಗೆ ಇಳಿಯುವ ದಿಂಬಂ ಘಾಟಿಯಂಥ 27 ಹೇರ್‌ಪಿನ್ ತಿರುವುಗಳ ರಸ್ತೆಯಲ್ಲಿ ಇದು ಸಣ್ಣ ವಿಷಯವಲ್ಲ. ರಾತ್ರಿ ದೀಪ ಉರಿಸಲೇಬೇಕೆನ್ನುವ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಗಡಿಯ ಎರಡೂ ಬದಿಗೆ ಒಂದೇ.

ಮೊದಲು ನೋಡಬೇಕಾದ್ದು, ಕೆಟ್ಟಿರುವುದು ಒಂದೋ ಎರಡೋ ಎಂಬುದು. ಎರಡು ಬಲ್ಬ್‌ಗಳು ಒಟ್ಟಿಗೇ ಹೋಗುವುದು ಅಪರೂಪ. ಹಾಗಾಗಿದ್ದರೆ ಫ್ಯೂಸ್, ರಿಲೇ ಅಥವಾ ಸ್ಟೇರಿಂಗ್ ಬಳಿಯ ಸ್ವಿಚ್ ಮೇಲೆ ಅನುಮಾನ ಪಡಬೇಕು. ಹಾರ್ನ್‌ನ ರಿಲೇ ಅದೇ ನಂಬರಿನದಾಗಿದ್ದರೆ ಅದನ್ನು ಹೆಡ್‌ಲೈಟ್ ಜಾಗಕ್ಕೆ ಹಾಕಿ ನೋಡಬಹುದು.

ಒಂದು ಮಾತ್ರ ಕೆಟ್ಟಿದ್ದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಡಗಡೆಯ ಬಲ್ಬನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿ. ಕತ್ತಲೆಯೂ ಬಲ್ಬಿನ ಜೊತೆ ಆಚೆ ಬದಿಗೆ ಹೋದರೆ ಬಲ್ಬ್ ಸುಟ್ಟಿದೆ. ಮೊದಲಿನ ಬದಿಯಲ್ಲೇ ಉಳಿದರೆ ದೋಷ ಫ್ಯೂಸ್ ಅಥವಾ ವೈರಿಂಗ್‌ನಲ್ಲಿ. ಹಳೆಯ ಮಾರುತಿ ಕಾರುಗಳಲ್ಲಿ ಸಾಮಾನ್ಯವಾಗಿರುವ ಎಚ್4 ಬಲ್ಬಿನೊಳಗೆ ಎರಡು ತಂತಿ ಇರುತ್ತವೆ: ಡಿಮ್‌ಗೆ 55 ವ್ಯಾಟ್, ಹೈಬೀಮ್‌ಗೆ 60 ವ್ಯಾಟ್. ಆದ್ದರಿಂದ ಡಿಮ್ ಮಾತ್ರ ಹೋಗಿ ಹೈಬೀಮ್ ಉಳಿಯುವುದುಂಟು. ಬಲ್ಬ್ ತಣ್ಣಗಾದ ಮೇಲೆಯೇ ಬಿಚ್ಚಿ. ಗಾಜಿಗೆ ಬೆರಳು ತಾಗಿಸಬೇಡಿ. ಕೈಯ ಎಣ್ಣೆಯಂಶ ಹತ್ತಿದ ಕಡೆ ಗಾಜು ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

ಬಲ್ಬ್ ಸರಿಯಿದ್ದರೆ ಫ್ಯೂಸ್ ನೋಡಿ. ಅನೇಕ ಕಾರುಗಳಲ್ಲಿ ಎಡ ಬಲಕ್ಕೆ ಬೇರೆಬೇರೆ ಫ್ಯೂಸ್ ಇರುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋದದ್ದು ಯಾವುದೋ ಅದನ್ನೇ ಹಾಕಬೇಕು. ಫ್ಯೂಸ್ ಬದಲು ತಾಮ್ರದ ತಂತಿ ಸುತ್ತುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ಶಾರ್ಟ್ ಆದಾಗ ಆ ತಂತಿ ಕರಗುವುದಿಲ್ಲ, ವೈರಿಂಗ್ ಹೊತ್ತಿಕೊಳ್ಳುತ್ತದೆ.

ಮುಂದಿನದು ಬಲ್ಬಿನ ಹಿಂದಿನ ಮೂರು ಪಿನ್ನಿನ ಕನೆಕ್ಟರ್. ಕಾಸರಗೋಡಿನಂಥ ಕರಾವಳಿಯ ಉಪ್ಪುಗಾಳಿ, ಮಳೆಗೆ ಅದರಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಕೆರೆದು ತೆಗೆದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಲೈಟ್ ಪೂರ್ತಿ ಆರದೆ ಮಂಕಾಗಿ ಉರಿಯುತ್ತಿದ್ದರೆ ಬಾಡಿಗೆ ಕೊಟ್ಟಿರುವ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದಿರಬಹುದು. ಕನೆಕ್ಟರ್ ಕರಗಿದ್ದರೆ, ಹಳೆಯ ವೈರಿಂಗ್‌ಗೇ 100 ವ್ಯಾಟ್ ಬಲ್ಬ್ ಹಾಕಿದ್ದಾರೆಯೇ ಎಂದು ನೋಡಿ. ಹೆಚ್ಚು ಬೆಳಕಿನ ಆಸೆಗೆ ಹಾಕುವ ಇಂಥ ಬಲ್ಬ್ ಎದುರಿನವರ ಕಣ್ಣಿಗೂ ಕುಕ್ಕುತ್ತದೆ.

ಹೊಸ ಬಲ್ಬ್ ತಿಂಗಳೊಳಗೆ ಮತ್ತೆ ಮತ್ತೆ ಹೋಗುತ್ತಿದ್ದರೆ ಚಾರ್ಜಿಂಗ್ ಪರೀಕ್ಷಿಸಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಆಲ್ಟರ್ನೇಟರ್‌ನ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದು ಎಲೆಕ್ಟ್ರಿಷಿಯನ್ ಕೆಲಸ.

ಬಲ್ಬ್ ಬದಲಿಸಿದ ಮೇಲೆ ಸಂಜೆ ಗೋಡೆಯೆದುರು ಕಾರು ನಿಲ್ಲಿಸಿ ಡಿಮ್ ಹಾಕಿ ನೋಡಿ. ಎರಡೂ ಬೆಳಕು ಒಂದೇ ಮಟ್ಟದಲ್ಲಿ ಬೀಳದಿದ್ದರೆ ಬಲ್ಬ್ ತನ್ನ ಗಾಡಿಯಲ್ಲಿ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಕೂರಿಸಿ.