ವಾರ್ಡಿನ ಗಡಿ ಮತ್ತು ಹಾರ್ವೆ ಮಿಲ್ಕ್ ಅವರ ಗೆಲುವು



ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಒಂದನೆಯ ಟರ್ಮಿನಲ್ಲಿಗೆ ಹಾರ್ವೆ ಮಿಲ್ಕ್ ಅವರ ಹೆಸರಿದೆ. ಹನ್ನೊಂದು ತಿಂಗಳೂ ತುಂಬದ ಅವಧಿಗೆ ನಗರಸಭಾ ಸದಸ್ಯರಾಗಿದ್ದವರಿಗೆ ಇಂಥ ಗೌರವವೇಕೆಂದು ಕೇಳಿದರೆ, ಸಲಿಂಗಿಗಳ ಹಕ್ಕುಗಳಿಗಾಗಿ ಹುತಾತ್ಮರಾದರೆಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಅವರು ಕೊಲೆಯಾದ ಬಗೆಯನ್ನು ಬಲ್ಲ ನಾವು, ಗೆದ್ದ ಬಗೆಯನ್ನು ಅಷ್ಟಾಗಿ ವಿಚಾರಿಸಿಲ್ಲ. ಇತಿಹಾಸದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಬೋಧಪ್ರದವಾದುದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ತಾವು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡು ಈ ದೇಶದಲ್ಲಿ ಗೆದ್ದವರಲ್ಲಿ ಮಿಲ್ಕ್ ಮೊದಲಿಗರಲ್ಲ. 1974ರ ಏಪ್ರಿಲ್‌ನಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಕ್ಯಾಥಿ ಕೊಜಚೆಂಕೊ ಎಂಬ ಯುವತಿ ನಗರಸಭೆಗೆ 52 ಮತಗಳ ಅಂತರದಿಂದ ಆಯ್ಕೆಯಾಗಿದ್ದರು. ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಒಂದು ವಾರ್ಡು ಅವರನ್ನು ಆರಿಸಿತ್ತು. ಈ ‘ವಾರ್ಡು’ ಎಂಬ ಮಾತನ್ನು ನೆನಪಿನಲ್ಲಿಡಬೇಕು.

ವಾರ್ಡಿಗೊಬ್ಬ ಸದಸ್ಯನೆಂಬ ಪದ್ಧತಿ ನಮ್ಮ ಊರುಗಳ ಪುರಸಭೆಗಳಿಂದ ನಮಗೆ ಚಿರಪರಿಚಿತ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಗಿರಲಿಲ್ಲ. ಅಲ್ಲಿನ ಹನ್ನೊಂದು ಸದಸ್ಯರ ಬೋರ್ಡ್ ಆಫ್ ಸೂಪರ್‌ವೈಸರ್ಸ್‌ಗೆ ಇಡೀ ನಗರವೇ ಒಂದು ಕ್ಷೇತ್ರ. ಹಣವೂ ಪತ್ರಿಕೆಗಳ ಬೆಂಬಲವೂ ಇದ್ದವರಿಗೆ ಮಾತ್ರ ಊರೆಲ್ಲವನ್ನೂ ತಲುಪಲು ಸಾಧ್ಯವಾಗುತ್ತಿತ್ತು. 1961ರಲ್ಲಿ ಹೋಸೆ ಸರ್ರಿಯಾ ಎಂಬ ಸಲಿಂಗಿ ಗಾಯಕರು ಧೈರ್ಯದಿಂದ ಸ್ಪರ್ಧಿಸಿ ಐದೂವರೆ ಸಾವಿರಕ್ಕೂ ಹೆಚ್ಚು ಮತ ಪಡೆದರೂ ಸೋತರು. ನ್ಯೂಯಾರ್ಕಿನಿಂದ ಬಂದು ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ತೆರೆದಿದ್ದ ಮಿಲ್ಕ್, 1973ರಲ್ಲಿ ಸುಮಾರು 17 ಸಾವಿರ ಮತ ಗಳಿಸಿ 32 ಅಭ್ಯರ್ಥಿಗಳಲ್ಲಿ ಹತ್ತನೆಯವರಾದರು. 1975ರಲ್ಲಿ ಏಳನೆಯವರಾದರು, ಇದ್ದ ಸ್ಥಾನಗಳು ಆರು!

1976ರ ನವೆಂಬರಿನಲ್ಲಿ ಮತದಾರರು ವಾರ್ಡುವಾರು ಚುನಾವಣೆಗೆ ಒಪ್ಪಿಗೆ ನೀಡಿದರು. ಮರುವರ್ಷ ಐದನೆಯ ವಾರ್ಡಿನಿಂದ ನಿಂತ ಮಿಲ್ಕ್ ಸುಮಾರು ಆರು ಸಾವಿರ ಮತಗಳಿಂದಲೇ ಗೆದ್ದರು. ಹದಿನೇಳು ಸಾವಿರ ಮತ ಪಡೆದು ಸೋತವರು ಆರು ಸಾವಿರಕ್ಕೆ ಗೆದ್ದರೆಂದರೆ, ಬದಲಾದದ್ದು ಜನರ ಮನಸ್ಸಿಗಿಂತ ಹೆಚ್ಚಾಗಿ ಎಣಿಕೆಯ ಕ್ರಮವೆಂದೇ ನಮ್ಮ ಅಭಿಪ್ರಾಯ. ಹಾಗೆಂದು ಕ್ರಮವೊಂದೇ ಸಾಲದು. ಬಿಯರ್ ಸಾಗಿಸುವ ಲಾರಿ ಚಾಲಕರ ಸಂಘವು ಕೂರ್ಸ್ ಕಂಪನಿಯ ವಿರುದ್ಧ ಬಹಿಷ್ಕಾರ ಹೂಡಿದಾಗ, ಮಿಲ್ಕ್ ಸಲಿಂಗಿಗಳ ಬಾರುಗಳಲ್ಲಿ ಆ ಬಿಯರಿನ ಮಾರಾಟವನ್ನು ನಿಲ್ಲಿಸಿದ್ದರು. ಪ್ರತಿಯಾಗಿ ಅವರು ಕೇಳಿದ್ದು ಸಲಿಂಗಿಗಳಿಗೂ ಚಾಲಕರ ಕೆಲಸ ಕೊಡಿರೆಂದು. ಅಂದಿನಿಂದ ಕಾರ್ಮಿಕರು ಅವರ ಪರವಾಗಿ ನಿಂತರು.

ಅದೇ ಚುನಾವಣೆಯಲ್ಲಿ ಚೀನೀ ಮೂಲದ ಗಾರ್ಡನ್ ಲಾವ್, ಕಪ್ಪು ಮಹಿಳೆ ಎಲ್ಲಾ ಹಿಲ್ ಹಚ್ ಅವರೂ ಆರಿಸಿಬಂದರು. ಆದರೆ ವಾರ್ಡು ನೆರೆಹೊರೆಯ ಆಶೋತ್ತರಗಳನ್ನು ಮಾತ್ರವಲ್ಲ, ಅದರ ಭಯವನ್ನೂ ಸಭೆಗೆ ಕಳುಹಿಸುತ್ತದೆ. ಎಂಟನೆಯ ವಾರ್ಡಿನಿಂದ ಬಂದ ಡಾನ್ ವೈಟ್ ಮೊದಲು ಪೊಲೀಸ್, ಅನಂತರ ಅಗ್ನಿಶಾಮಕ ದಳದಲ್ಲಿದ್ದವರು. ತಮ್ಮ ವಾರ್ಡಿನಲ್ಲಿ ದಾರಿತಪ್ಪಿದ ಯುವಜನರ ನಿಲಯವೊಂದು ಬರಬಾರದೆಂಬುದು ಅವರ ಹಟ. ಮಿಲ್ಕ್ ಅದರ ಪರವಾಗಿ ಮತ ನೀಡಿದಾಗ ವೈಮನಸ್ಯ ಬೆಳೆಯಿತು. ಉದ್ಯೋಗ, ವಸತಿಗಳಲ್ಲಿ ಸಲಿಂಗಿಗಳಿಗೆ ಭೇದ ಮಾಡಕೂಡದೆಂಬ 1978ರ ಶಾಸನ ಹತ್ತು ಮತಗಳಿಗೆ ಒಂದರಂತೆ ಅಂಗೀಕಾರವಾಯಿತು. ಆ ಒಂದು ವಿರೋಧ ಮತ ವೈಟ್ ಅವರದು.

ಇಷ್ಟಾದರೂ ಮಿಲ್ಕ್ ಅವರಿಗೆ ನಗರದಾದ್ಯಂತ ಹೆಚ್ಚು ಜನಪ್ರಿಯತೆ ತಂದದ್ದು, ಸಾಕುನಾಯಿಯ ಹೊಲಸನ್ನು ಅದರ ಒಡೆಯನೇ ಎತ್ತಬೇಕೆಂಬ ನಿಯಮ. ಇದನ್ನು ಹಾಸ್ಯವೆಂದು ತಳ್ಳಿಹಾಕಲಾಗದು. ಬೀದಿಯ ಕಾಟವನ್ನು ತಪ್ಪಿಸಿದವರನ್ನು ತಮ್ಮವರೆಂದು ಬಗೆಯುವುದು ಎಲ್ಲ ಊರುಗಳ ಮತದಾರರ ಗುಣ.

1978ರ ನವೆಂಬರ್ 10ರಂದು ರಾಜೀನಾಮೆಯಿತ್ತ ವೈಟ್, ಅದನ್ನು ಹಿಂಪಡೆಯಲು ಬಯಸಿದರು. ಮೇಯರ್ ಜಾರ್ಜ್ ಮೊಸ್ಕೋನಿ ಕೊನೆಗೆ ಸಮ್ಮತಿಸಲಿಲ್ಲ. ನವೆಂಬರ್ 27ರಂದು ವೈಟ್ ನಗರಸಭಾ ಭವನದಲ್ಲಿಯೇ ಮೇಯರರನ್ನೂ ಮಿಲ್ಕ್ ಅವರನ್ನೂ ಗುಂಡಿಟ್ಟು ಕೊಂದರು. 1979ರ ಮೇ 21ರಂದು ಜ್ಯೂರಿ ಇದನ್ನು ಕೊಲೆಯೆನ್ನದೆ, ಕೊಲೆಗಿಂತ ಕಡಿಮೆ ದರ್ಜೆಯ ನರಹತ್ಯೆಯೆಂದು ತೀರ್ಮಾನಿಸಿತು. ಅಂದು ರಾತ್ರಿ ಸಾವಿರಾರು ಜನ ಅದೇ ಭವನಕ್ಕೆ ನುಗ್ಗಿ ಬಂದರು.

1980ರ ಆಗಸ್ಟಿನಲ್ಲಿ ಮತದಾರರು ವಾರ್ಡು ಪದ್ಧತಿಯನ್ನೇ ರದ್ದುಗೊಳಿಸಿದರು. ಮಿಲ್ಕ್ ಅವರ ಸ್ಥಾನಕ್ಕೆ ನೇಮಕಗೊಂಡಿದ್ದ, ತಾವೂ ಸಲಿಂಗಿಯಾಗಿದ್ದ ಹ್ಯಾರಿ ಬ್ರಿಟ್ ಅದೇ ವರ್ಷ ಇಡೀ ನಗರದ ಮತದಿಂದ ಗೆದ್ದರೆಂಬುದು ನಮ್ಮ ವಾದಕ್ಕೆ ಒಂದು ತೊಡಕೇ ಸರಿ. ಆದರೆ ಅಷ್ಟರಲ್ಲಿ ಅವರು ಸಭೆಯೊಳಗಿದ್ದವರು, ಜನ ಕಂಡವರು. ಬಾಗಿಲನ್ನು ಮೊದಲು ತೆರೆದದ್ದು ವಾರ್ಡು. ಆ ಪದ್ಧತಿಯನ್ನು ಮತದಾರರು 1996ರಲ್ಲಿ ಮತ್ತೆ ಬಯಸಿದರು. 2000ದಲ್ಲಿ ಅದರಂತೆ ಚುನಾವಣೆ ನಡೆಯಿತು. ಗಡಿಗಳನ್ನು ಹೊಸದಾಗಿ ಎಳೆದಾಗ ಕ್ಯಾಸ್ಟ್ರೊ ಬೀದಿಗೆ ದೊರೆತ ಸಂಖ್ಯೆ ಎಂಟು.