ಕೋವಿಯ ನಳಿಗೆ ಮತ್ತು ಚೋಕು (ನಗರಸೀಮೆಯಲ್ಲಿ)

ಚರೆ ಹಾರಿಸುವ ಕೋವಿಯಲ್ಲಿ ಮದ್ದು ಉರಿದು ಚರೆ ಹಾಯ್ದುಹೋಗುವ ಉಕ್ಕಿನ ಕೊಳವೆಗೆ ನಳಿಗೆಯೆಂದೂ, ಆ ನಳಿಗೆಯ ಬಾಯಿಯ ಸಮೀಪದಲ್ಲಿ ಒಂದೆರಡು ಅಂಗುಲದ ಉದ್ದಕ್ಕೆ ಮಾಡಿರುವ ಅತಿಸೂಕ್ಷ್ಮವಾದ ಸಂಕೋಚಕ್ಕೆ ಚೋಕು ಎಂದೂ ಹೆಸರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನೊಳಗೊಂಡ ನಗರಸೀಮೆಯಲ್ಲಿ, ಅಡಕೆ ತೋಟ ಹಾಗೂ ಭತ್ತದ ಗದ್ದೆಗಳು ಕಾನಿನ ಅಂಚನ್ನೇ ಮುಟ್ಟಿಕೊಂಡಿರುವುದರಿಂದ, ಕೋವಿಯು ಬಹುಕಾಲದಿಂದ ಕೃಷಿಕನ ಮನೆಯ ಒಂದು ಸಲಕರಣೆಯಾಗಿ ಬಂದಿದೆ. ಶಿಕಾರಿಯ ಆಯುಧವೆಂಬ ಅದರ ಇನ್ನೊಂದು ಮುಖವು 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಮತ್ತು ಅದರ ಮುಂದಿನ ತಿದ್ದುಪಡಿಯಿಂದ ಗತಕಾಲಕ್ಕೆ ಸೇರಿತು. ನಳಿಗೆ ಚೋಕುಗಳ ಆಯ್ಕೆಯೆಂಬುದು ವಸ್ತುತಃ ದೂರದ ಆಯ್ಕೆಯೇ ಆಗಿದೆ. ಎಷ್ಟು ದೂರದಲ್ಲಿ ಈಡು ಹೊಡೆಯಬೇಕಾಗುತ್ತದೆ ಎಂಬುದು ನಿಶ್ಚಯವಾದ ಮೇಲೆ ಉಳಿದ ಅಳತೆಗಳೆಲ್ಲವೂ ಅದನ್ನೇ ಅನುಸರಿಸುತ್ತವೆ.

ಹೆಸರುಗಳು

ಕೋವಿ ಎಂಬ ಪದಕ್ಕೆ ಕೊಳವೆ ಎಂಬ ಅರ್ಥವೂ ಇರುವುದರಿಂದ, ಆಯುಧಕ್ಕೆ ಅದರ ನಳಿಗೆಯಿಂದಲೇ ಹೆಸರು ಬಂದಂತೆ ತೋರುತ್ತದೆ. ತುಳುವಿನಲ್ಲಿ ಬೆಡಿ ಎಂದೂ ಕೊಡವ ಭಾಷೆಯಲ್ಲಿ ತೋಕ್ ಎಂದೂ ಇದನ್ನು ಕರೆಯುವರು. ಮಲೆನಾಡಿನಲ್ಲಿ ಬಾಯಿಯಿಂದ ಮದ್ದು ತುಂಬುವುದಕ್ಕೆ ಕೇಪಿನ ಕೋವಿಯೆಂದೂ, ಹಿಂಬದಿಯನ್ನು ಮಡಚಿ ತೋಟಾ ಇಡುವುದಕ್ಕೆ ತೋಟಾ ಕೋವಿಯೆಂದೂ, ಎರಡು ನಳಿಗೆಗಳುಳ್ಳದ್ದಕ್ಕೆ ಜೋಡುನಳಿಗೆಯೆಂದೂ ವ್ಯವಹಾರವುಂಟು. ಲೈಸೆನ್ಸಿನ ಪುಸ್ತಕದಲ್ಲಿ ಇವೇ ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂಬ ಅಕ್ಷರಗುಚ್ಛಗಳಾಗಿ ನಮೂದಾಗುತ್ತವೆ. ಹಾರಿಸಿದ ಒಂದು ಹೊಡೆತಕ್ಕೆ ಈಡು ಎಂದೂ, ಗುರಿಯಲ್ಲಿ ಹೆಸರಾದವನಿಗೆ ಈಡುಗಾರನೆಂದೂ ಹೇಳುವುದು ರೂಢಿ.

ಬೋರು ಮತ್ತು ಉದ್ದ

ನಳಿಗೆಯ ಒಳವ್ಯಾಸವನ್ನು ಬೋರಿನ ಸಂಖ್ಯೆಯಿಂದ ಹೇಳುವ ಕ್ರಮವು ಸೀಸದ ತೂಕದಿಂದ ಹುಟ್ಟಿದುದು. ಒಂದು ಪೌಂಡು ಸೀಸವನ್ನು 12 ಸಮಾನ ಗುಂಡುಗಳಾಗಿ ಎರೆದರೆ ಅಂತಹ ಒಂದು ಗುಂಡು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುವುದೋ ಅದು 12 ಬೋರು. ಅದರ ವ್ಯಾಸ ಸುಮಾರು 18.5 ಮಿಲಿಮೀಟರು. ಆದುದರಿಂದಲೇ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ: 16 ಬೋರಿಗೆ 16.8 ಮಿಲಿಮೀಟರು, 20 ಬೋರಿಗೆ 15.6 ಮಿಲಿಮೀಟರು. ಈ ಕ್ರಮಕ್ಕೆ ಹೊರತಾದುದು .410; ಅದು ಅಂಗುಲದ ಅಳತೆ. ಭಾರತದಲ್ಲಿ ತೋಟಾ ಸುಲಭವಾಗಿ ಸಿಕ್ಕುವುದು 12 ಬೋರಿಗೇ ಆದುದರಿಂದ ಮಲೆನಾಡಿನ ತೋಟಾ ಕೋವಿಗಳಲ್ಲಿ ಬಹುಪಾಲು ಆ ಅಳತೆಯವು.

ಉದ್ದದ ನಳಿಗೆ ದೂರ ಹೊಡೆಯುತ್ತದೆ ಎಂಬ ನಂಬಿಕೆ ನಿರ್ಮೂಲವೇನಲ್ಲ. ಆದರೆ ಅದು ಕರಿಮದ್ದಿನ ಕಾಲದ ಸತ್ಯ. ಕರಿಮದ್ದು ನಿಧಾನವಾಗಿ ಉರಿಯುವುದರಿಂದ ಚರೆಗೆ ಪೂರ್ಣವೇಗ ಬರಲು 30 ಅಂಗುಲ ಅಥವಾ ಅದಕ್ಕಿಂತ ಹೆಚ್ಚಿನ ನಳಿಗೆ ಬೇಕಾಗುತ್ತಿದ್ದಿತು. ಹೊಗೆಯಿಲ್ಲದ ಮದ್ದು ಬಂದ ಮೇಲೆ 25-26 ಅಂಗುಲದಾಚೆಗೆ ದೊರೆಯುವ ವೇಗದ ಲಾಭ ಅತ್ಯಲ್ಪ. ಆಮೇಲೆ ಉದ್ದವೆಂಬುದು ಕೈಯ ತೂಕಕ್ಕೂ ಕಣ್ಣಿನ ರೇಖೆಗೂ ಸಂಬಂಧಿಸಿದ ವಿಷಯ. ಬಯಲಿನಲ್ಲಿ ಹಾರುವ ಬಾತಿನ ಹಿಂದೆ ಸಮನಾಗಿ ತಿರುಗಲು ಉದ್ದದ ನಳಿಗೆಯ ಭಾರ ಅನುಕೂಲ. ಮಟ್ಟಿ ಮುಳ್ಳುಗಳ ನಡುವೆ ಅದೇ ಉದ್ದವು ಬಳ್ಳಿಗೆ ಸಿಕ್ಕಿ ತೊಡಕಾಗುತ್ತದೆ.

ಚೋಕಿನ ಕಾರ್ಯ

ನಳಿಗೆಯಿಂದ ಹೊರಬಿದ್ದ ಚರೆಗಳು ಗಾಳಿಯಲ್ಲಿ ಹರಡುತ್ತ ಸಾಗುತ್ತವೆ. ಬಾಯಿಯ ಬಳಿ ನಳಿಗೆ ಸ್ವಲ್ಪ ಕಿರಿದಾಗಿದ್ದರೆ, ಚರೆಯ ಸಾಲಿನ ಹೊರ ಅಂಚಿನಲ್ಲಿರುವುವಕ್ಕೆ ಒಳಮುಖವಾದ ಅಲ್ಪ ತಳ್ಳು ಸಿಕ್ಕಿ, ಹರವು ತಡವಾಗುತ್ತದೆ. ಈ ಸಂಕೋಚದ ಪ್ರಮಾಣ ಆಶ್ಚರ್ಯಕರವಾಗಿ ಚಿಕ್ಕದು: 12 ಬೋರಿನಲ್ಲಿ ಕಾಲು ಚೋಕಿಗೆ ಸುಮಾರು 0.25 ಮಿಲಿಮೀಟರು, ಅರ್ಧ ಚೋಕಿಗೆ 0.5, ಪೂರ್ಣ ಚೋಕಿಗೆ 1 ಮಿಲಿಮೀಟರಿನಷ್ಟು. ಸಂಕೋಚವೇ ಇಲ್ಲದ ನಳಿಗೆಗೆ ಸಿಲಿಂಡರ್ ಎಂದು ಹೆಸರು.

ಪರೀಕ್ಷೆಯ ಕ್ರಮ ಹೀಗಿದೆ. 40 ಗಜ, ಅಂದರೆ ಸುಮಾರು 36.5 ಮೀಟರು ದೂರದಲ್ಲಿ ಅಗಲವಾದ ಕಾಗದವನ್ನು ಕಟ್ಟಿ ಒಂದು ಈಡು ಹೊಡೆದು, ತೂತುಗಳು ದಟ್ಟವಾಗಿರುವ ಜಾಗವನ್ನು ನಡುವಿಗಿಟ್ಟು 30 ಅಂಗುಲ ವ್ಯಾಸದ ವೃತ್ತವನ್ನೆಳೆದು, ಅದರೊಳಗಿನ ತೂತುಗಳನ್ನು ಎಣಿಸುವುದು. ಸಿಲಿಂಡರ್ ನಳಿಗೆ ಶೇಕಡ 40ರಷ್ಟು ಚರೆಗಳನ್ನು, ಕಾಲು ಚೋಕಿನ ಸುಮಾರಿನದು 50ರಿಂದ 55ರಷ್ಟನ್ನು, ಅರ್ಧ ಚೋಕು 60ರಷ್ಟನ್ನು, ಪೂರ್ಣ ಚೋಕು 70ರಷ್ಟನ್ನು ವೃತ್ತದೊಳಗೆ ಇಡಬೇಕೆಂಬುದು ಸ್ಥೂಲ ಲೆಕ್ಕ. ಇಂಗ್ಲಿಷ್ ಅಳತೆಯ ಆರನೇ ನಂಬರಿನ ಚರೆ ಒಂದು ಔನ್ಸಿಗೆ 270. ಅಷ್ಟು ತುಂಬಿದ ತೋಟಾದಿಂದ ಸಿಲಿಂಡರಿನಲ್ಲಿ 108 ಚರೆಗಳೂ ಪೂರ್ಣ ಚೋಕಿನಲ್ಲಿ 189 ಚರೆಗಳೂ ವೃತ್ತಕ್ಕೆ ಬೀಳಬೇಕು. ಒಂದು ಕಾಗದದಿಂದ ಏನನ್ನೂ ತೀರ್ಮಾನಿಸಲಾಗದು. ಒಂದೇ ಪೆಟ್ಟಿಗೆಯ ಎರಡು ತೋಟಾಗಳು ಒಂದೇ ಬಗೆಯಾಗಿ ಹರಡುವುದು ಅಪರೂಪ. ನಾಲ್ಕಾರು ಕಾಗದಗಳ ಸರಾಸರಿಯೇ ನಂಬತಕ್ಕದ್ದು.

ಆದರೆ 40 ಗಜದ ಈ ಲೆಕ್ಕವನ್ನು ಕಾನಿನೊಳಕ್ಕೆ ಹಾಗೆಯೇ ಒಯ್ಯುವಂತಿಲ್ಲ. 20 ಗಜದಲ್ಲಿ ಸಿಲಿಂಡರಿನ ಹರವು ಸುಮಾರು 80 ಸೆಂಟಿಮೀಟರು ಅಗಲವಾದರೆ ಪೂರ್ಣ ಚೋಕಿನದು ಅದರ ಅರ್ಧ. ಸೊಪ್ಪಿನಬೆಟ್ಟದ ಅಂಚಿನಲ್ಲಾಗಲಿ ಹಳುವಿನ ಒಳಗಾಗಲಿ ಕಣ್ಣಿಗೆ ತೆರೆದುಕೊಳ್ಳುವ ದೂರವೇ 15-20 ಗಜವಾಗಿರುವಲ್ಲಿ ಪೂರ್ಣ ಚೋಕು ತಪ್ಪಿದರೆ ಪೂರ್ತಿ ತಪ್ಪುತ್ತದೆ, ತಾಗಿದರೆ ಮಾಂಸವನ್ನು ಚಿಂದಿಮಾಡುತ್ತದೆ. ಜೋಡುನಳಿಗೆಗಳಲ್ಲಿ ಸಾಮಾನ್ಯವಾಗಿ ಬಲನಳಿಗೆಯನ್ನು ತೆರವಾಗಿಯೂ ಎಡನಳಿಗೆಯನ್ನು ಬಿಗಿಯಾಗಿಯೂ ಕೊರೆದಿರುತ್ತಾರೆ. ಮೊದಲ ಈಡಿಗೆ ಹಕ್ಕಿ ಹತ್ತಿರ, ಎರಡನೆಯದಕ್ಕೆ ದೂರ ಎಂಬ ಯುರೋಪಿನ ಬಯಲು ಬೇಟೆಯ ಲೆಕ್ಕಾಚಾರ ಅದು. ನಗರಸೀಮೆಯ ಕಾಡಿಗೆ ಬೇಕಾದುದು ಬಲನಳಿಗೆಯೇ ಹೊರತು ಎಡನಳಿಗೆಯಲ್ಲ.

ಇತಿಹಾಸ: ‘ನಾಟ್ ಫಾರ್ ಬಾಲ್’

ಚೋಕನ್ನು ಕಂಡುಹಿಡಿದವನು ಯಾರೆಂಬ ವಿವಾದ ಇಂದಿಗೂ ತೀರಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಡಬ್ಲ್ಯೂ. ಆರ್. ಪೇಪ್ 1866ರಲ್ಲಿಯೂ, ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿಯೂ ಪೇಟೆಂಟು ಪಡೆದರು. ರೋಪರನದು ನಳಿಗೆಯ ತುದಿಗೆ ತಿರುಪಿ ಕೂರಿಸುವ ಬಗೆಯಾದುದರಿಂದ ಇಂದಿನ ಬದಲಾಯಿಸುವ ಚೋಕುಗಳ ಪೂರ್ವಜನೆನ್ನಬಹುದು. ಇಲಿನಾಯ್ ಪ್ರಾಂತದ ಬಾತುಬೇಟೆಗಾರ ಫ್ರೆಡ್ ಕಿಂಬಲ್ ಇದೇ ಕಾಲದಲ್ಲಿ ತಾನೇ ಸ್ವತಂತ್ರವಾಗಿ ಇದನ್ನು ಕಂಡುಕೊಂಡುದಾಗಿ ಹೇಳಿಕೊಂಡನು. ಕಾರ್ಖಾನೆಯಲ್ಲಿ ಸಮನಾಗಿ ಕೊರೆಯುವ ವಿಧಾನವನ್ನು ಸಾಧಿಸಿ ಚೋಕಿಗೆ ಪ್ರಚಾರ ತಂದವನು ಬರ್ಮಿಂಗ್‌ಹ್ಯಾಮಿನ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್; 1875ರಲ್ಲಿ ಲಂಡನ್ನಿನ ‘ದಿ ಫೀಲ್ಡ್’ ಪತ್ರಿಕೆ ನಡೆಸಿದ ಸ್ಪರ್ಧಾಪರೀಕ್ಷೆಯಲ್ಲಿ ಅವನ ಕೋವಿಗಳು ಗೆದ್ದ ಮೇಲೆ ಚೋಕಿನ ಪ್ರಯೋಜನವನ್ನು ಕುರಿತ ವಾದ ಮುಗಿಯಿತು.

ಅದೇ 1875ರಲ್ಲಿ ಇಂಗ್ಲೆಂಡಿನ ಕೋವಿ ಪರೀಕ್ಷಾಗೃಹಗಳು ಚೋಕುಳ್ಳ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ (ಗುಂಡಿಗಲ್ಲ) ಎಂಬ ಮುದ್ರೆಯನ್ನು ಒತ್ತತೊಡಗಿದವು; 1887ರ ನಿಯಮಗಳಲ್ಲಿ ಅದರ ಬದಲಿಗೆ ‘ಚೋಕ್’ ಎಂಬ ಪದ ಬಂದಿತು. ಈ ಮುದ್ರೆಯ ಅರ್ಥವನ್ನು ಮಲೆನಾಡಿನ ಕೋವಿಯನ್ನು ಕುರಿತು ಬರೆಯುವವರು ಕಡೆಗಣಿಸಲಾಗದು. ಕೇಪಿನ ಕೋವಿಯಲ್ಲಿ ಗುಂಡನ್ನು ಬಾಯಿಯಿಂದಲೇ ಹಾಕುವುದರಿಂದ, ಒಳಹೊಕ್ಕ ಗುಂಡು ಹೊರಬರಲೇಬೇಕು. ಬಾರದಿರುವಷ್ಟು ದಪ್ಪವಾದುದು ಮೊದಲೇ ಒಳಗೆ ಹೋಗದು. ತೋಟಾ ಕೋವಿಯಲ್ಲಿ ಗುಂಡು ಹಿಂಬದಿಯಿಂದ ಸೇರುತ್ತದೆ. ನಳಿಗೆಯ ಅಳತೆಗೆ ಸರಿಯಾಗಿ ಎರೆದ ಗುಂಡು ಪೂರ್ಣ ಚೋಕಿನ ಕೊರಳಿಗೆ ಬಂದಾಗ ಅಲ್ಲಿ ದಾರಿ ಒಂದು ಮಿಲಿಮೀಟರು ಕಿರಿದು. ನಳಿಗೆ ಉಬ್ಬುವುದೂ ಸೀಳುವುದೂ ಆಗಲೇ. ಹಂದಿಗೆ ಗುಂಡು, ಹಕ್ಕಿಗೆ ಚರೆ ಎಂದು ಒಂದೇ ಕೋವಿಯನ್ನು ಎರಡಕ್ಕೂ ಬಳಸುತ್ತಿದ್ದ ಸೀಮೆಯಲ್ಲಿ ಚೋಕಿಲ್ಲದ ನಳಿಗೆಯೇ ಕ್ಷೇಮಕರವಾಗಿದ್ದುದು ಹೀಗೆ.

ಹಳೆಯ ಮನೆಗಳ ಇಂಗ್ಲಿಷ್ ಕೋವಿಯೊಂದರ ಮುಂಗೈ ಮರವನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ ಮಗುಚಿದರೆ, ಎಣ್ಣೆ ಹಿಡಿದ ಕಪ್ಪು ಜಿಡ್ಡಿನ ಅಡಿಯಲ್ಲಿ ವಜ್ರಾಕೃತಿಯೊಳಗೆ 12 ಎಂಬ ಅಂಕಿ, ಅದರ ಕೆಳಗೆ ಸಿ ಎಂಬ ಅಕ್ಷರ, ಪಕ್ಕದಲ್ಲಿ ಕಿರೀಟದ ಗುರುತು ಕಾಣಬಹುದು. ಇಂತಹ ಕೋವಿಯ ತೋಟಾ ಕೂರುವ ಮನೆ ಅನೇಕವೇಳೆ ಎರಡೂವರೆ ಅಂಗುಲದ್ದು, ಅಂದರೆ 65 ಮಿಲಿಮೀಟರಿನದು. ಇಂದಿನ 70 ಮಿಲಿಮೀಟರಿನ ತೋಟಾ ಅದರಲ್ಲಿ ಕೂತುಬಿಡುತ್ತದೆ. ಆದರೆ ಹಾರಿಸಿದಾಗ ಅದರ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಮಾಡಿದ, ಮೇಲ್ಮೈಯಲ್ಲಿ ಅಲೆಯ ಚಿತ್ತಾರವುಳ್ಳ ಡಮಾಸ್ಕಸ್ ನಳಿಗೆಗಳಿಗೆ, ಪರೀಕ್ಷಾಮುದ್ರೆ ಅನುಮತಿಸಿದ ಹೊರತು ಹೊಗೆಯಿಲ್ಲದ ಮದ್ದು ಸಲ್ಲದು.

ಕೇಪಿನ ಕೋವಿ

ನಗರಸೀಮೆಗೆ ಆಯುಧ ತಯಾರಿಕೆಯ ಇತಿಹಾಸವೂ ಉಂಟು. ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿಯು ಅದಕ್ಕೆ ಹೈದರನಗರವೆಂದು ಹೆಸರಿಟ್ಟು, ಟಂಕಸಾಲೆಯನ್ನೂ ಆಯುಧಶಾಲೆಯನ್ನೂ ಅಲ್ಲಿ ನೆಲೆಗೊಳಿಸಿದನು. ಇಂದಿನ ನಗರವೆಂಬ ಹೆಸರು ಅದರ ಶೇಷ. ಆ ಆಯುಧಶಾಲೆಗೂ ಮುಂದಿನ ಶತಮಾನಗಳ ತೋಟದ ಕೋವಿಗೂ ನೇರವಾದ ಸಂಬಂಧ ಕಲ್ಪಿಸುವುದು ಸಾಹಸವಾದೀತು.

ಕೇಪಿನ ಕೋವಿಯನ್ನು ತುಂಬುವ ಕ್ರಮ ಸಾವಧಾನದ್ದು. ನಳಿಗೆಯ ಬಾಯಿಯಿಂದ ಅಳತೆಯ ಕರಿಮದ್ದು ಸುರಿದು, ತೆಂಗಿನ ಕತ್ತದ ಉಂಡೆಯನ್ನು ತುರುಕಿ, ಗಜವೆಂಬ ಸರಳಿನಿಂದ ಜಡಿದು, ಮೇಲೆ ಚರೆ ಅಥವಾ ಗುಂಡು ಹಾಕಿ, ಅದು ಉರುಳಿ ಬೀಳದಂತೆ ಮತ್ತೊಂದು ಉಂಡೆ ಕತ್ತವನ್ನು ಹಗುರಾಗಿ ಒತ್ತಿ, ಕಡೆಯಲ್ಲಿ ತೊಟ್ಟಿಗೆ, ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಬೇಕು. ಗಜ ಮೇಲಕ್ಕೆ ಪುಟಿದು ‘ಠಣ್’ ಎಂದರೆ ಮದ್ದು ಗಟ್ಟಿಯಾಗಿ ಕೂತಿತೆಂದು ಅರ್ಥ. ಬಾಯಿ ಕಿರಿದಾದ ನಳಿಗೆಯಲ್ಲಿ ಈ ಕ್ರಿಯೆಯೇ ಕಷ್ಟ: ಚೋಕಿನ ಕೊರಳನ್ನು ದಾಟುವಷ್ಟು ಚಿಕ್ಕದಾದ ಕತ್ತದ ಉಂಡೆ ಒಳಗೆ ಸಡಿಲವಾಗಿ, ಅನಿಲ ಅದರ ಪಕ್ಕದಿಂದ ಸೋರುತ್ತದೆ. ಆದುದರಿಂದ ಕೇಪಿನ ಕೋವಿ ಚೋಕಿಲ್ಲದ್ದಾಗಿ ಉಳಿದುದಕ್ಕೆ ಬಡತನವನ್ನಾಗಲಿ ಅಜ್ಞಾನವನ್ನಾಗಲಿ ಕಾರಣವಾಗಿ ಹೇಳುವುದು ನ್ಯಾಯವಲ್ಲ. ತುಂಬುವ ರೀತಿ, ಗುಂಡಿನ ಅಗತ್ಯ, ಕಾಡಿನ ದೂರ ಈ ಮೂರೂ ಒಂದೇ ತೀರ್ಪನ್ನು ಕೊಟ್ಟಿದ್ದವು.

ಕಾಡುಕೋಳಿ ಮತ್ತು ಟರ್ಕಿ ಕೋಳಿ

ಅಮೆರಿಕದ ಟರ್ಕಿ ಕೋಳಿಯೂ ನಮ್ಮ ಕಾಡುಕೋಳಿ, ನವಿಲು, ಚಿಟ್ಟುಕೋಳಿಗಳೂ ಒಂದೇ ಕುಟುಂಬಕ್ಕೆ ಸೇರಿದುವು. ಆದರೆ ಟರ್ಕಿಯ ಬೇಟೆ ಚೋಕಿನ ಇನ್ನೊಂದು ತುದಿಗೆ ನಿದರ್ಶನ. ಅಲ್ಲಿ ವಸಂತದ ಬೇಟೆಯಲ್ಲಿ ಈಡುಗಾರನು ಮರಕ್ಕೆ ಒರಗಿ ಕುಳಿತು, ಹೆಣ್ಣಿನ ದನಿ ಹೊರಡಿಸಿ ಗಂಡನ್ನು ಸಮೀಪಕ್ಕೆ ಕರೆದು, ನಿಂತ ಹಕ್ಕಿಯ ತಲೆ ಕತ್ತುಗಳಿಗೆ ಮಾತ್ರ ಗುರಿಯಿಡುತ್ತಾನೆ. ಗುರಿ ಅಂಗೈಯಗಲದ್ದಾದುದರಿಂದ ಪೂರ್ಣಕ್ಕಿಂತಲೂ ಬಿಗಿಯಾದ ಚೋಕು, ನಾಲ್ಕರಿಂದ ಆರನೇ ನಂಬರಿನ ಚರೆ, ಕುಳಿತಲ್ಲಿ ತಿರುಗಿಸಲು ಅನುಕೂಲವಾದ ಗಿಡ್ಡ ನಳಿಗೆ ಅಲ್ಲಿ ರೂಢಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಮಾದರೆ ಈಚೆಗೆ ಬಳಕೆಗೆ ಬಂದ ಟಂಗ್‌ಸ್ಟನ್ ಮಿಶ್ರಲೋಹದ ಚರೆಯದು 18ರಷ್ಟು. ಹಾಗಾಗಿ ಒಂಬತ್ತನೇ ನಂಬರಿನ ಸಣ್ಣ ಚರೆಯೂ ಅಲ್ಲಿ ಸಾಕಾಗುತ್ತದೆ. ಕಾಡುಕೋಳಿಯಾದರೋ ಹಳುವಿನಿಂದ ಒಮ್ಮೆಗೆ ಸಿಡಿದು ಹಾರಿ ಕ್ಷಣದಲ್ಲಿ ಮರೆಯಾಗುವ ಹಕ್ಕಿ. ಶಿಕಾರಿ ಸಲ್ಲುತ್ತಿದ್ದ ದಿನಗಳಲ್ಲಿ ಅದಕ್ಕೆ ಒದಗುತ್ತಿದ್ದುದು ತೆರೆದ ನಳಿಗೆಯ ಅಗಲವಾದ ಹರವೇ.

ಕಾನೂನು

ಮೈಸೂರು ಸಂಸ್ಥಾನದಲ್ಲಿ ಬೇಟೆಯನ್ನೂ ಮೀನುಗಾರಿಕೆಯನ್ನೂ ನಿಯಂತ್ರಿಸುವ ಕಾಯಿದೆ 1901ರಲ್ಲಿಯೇ ಬಂದಿದ್ದಿತು. 1959ರ ಶಸ್ತ್ರಾಸ್ತ್ರ ಅಧಿನಿಯಮವು ರಕ್ಷಣೆ ಅಥವಾ ಕ್ರೀಡೆಗಾಗಿ ಬಳಸುವ, 20 ಅಂಗುಲಕ್ಕೆ ಕಡಮೆಯಿಲ್ಲದ ನಯನಳಿಗೆಯ ಕೋವಿಯನ್ನೂ, ನಿಜವಾದ ಬೆಳೆರಕ್ಷಣೆಗಾಗಿ ಬಳಸುವ ಬಾಯಿತುಂಬು ಕೋವಿಯನ್ನೂ ಬೇರೆಯಾಗಿ ಹೆಸರಿಸಿ ಅವುಗಳ ಲೈಸೆನ್ಸಿಗೆ ಸೌಲಭ್ಯವಿತ್ತಿತು. ಕೇಪಿನ ಕೋವಿ ಮಲೆನಾಡಿನಲ್ಲಿ ದೀರ್ಘಾಯುವಾದುದಕ್ಕೆ ಇದೂ ಒಂದು ಕಾರಣವಿರಬೇಕು. ಅನುಮತಿಯಿಲ್ಲದೆ ನಳಿಗೆಯನ್ನು ಕುಯ್ದು ಗಿಡ್ಡಮಾಡುವುದು ಅದೇ ಅಧಿನಿಯಮದ ಪ್ರಕಾರ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಮತ್ತು ಅದರ 1991ರ ತಿದ್ದುಪಡಿಯ ತರುವಾಯ ಮೋಜಿನ ಬೇಟೆ ಪೂರ್ಣವಾಗಿ ನಿಷಿದ್ಧ. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲು ಮೊದಲನೆಯ ಅನುಸೂಚಿಯ ರಕ್ಷಣೆಯಲ್ಲಿದೆ. ತೋಟಕ್ಕೆ ನುಗ್ಗಿದ ಹಂದಿಯನ್ನು ಕೊಲ್ಲುವುದಕ್ಕೂ ಅರಣ್ಯಾಧಿಕಾರಿಯ ಅನುಮತಿ ಬೇಕು.

ಸಾಹಿತ್ಯದಲ್ಲಿ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮತ್ತು ‘ಕಾನೂರು ಹೆಗ್ಗಡಿತಿ’ (1936) ಕೃತಿಗಳಲ್ಲಿ ಕೋವಿ ಮತ್ತು ಶಿಕಾರಿಯ ಚಿತ್ರಣ ಉಂಟು.

ಈಗಿನ ಸ್ಥಿತಿ

ಇಂದು ನಗರಸೀಮೆಯಲ್ಲಿ ಕೋವಿಯ ಮುಖ್ಯ ಕೆಲಸ ಸದ್ದು ಮಾಡುವುದು. ಎಳೆಯ ಅಡಕೆಯನ್ನು ಕಿತ್ತು ಹಾಳುಮಾಡುವ ಮಂಗಗಳನ್ನೂ ರಾತ್ರಿ ಗದ್ದೆಗಿಳಿಯುವ ಹಂದಿಗಳನ್ನೂ ಬೆದರಿಸಲು ಆಕಾಶಕ್ಕೊಂದು ಈಡು ಹೊಡೆಯುವರು. ಅದಕ್ಕೆ ಚರೆಯೇ ಬೇಡ, ಬರಿಯ ಮದ್ದು ಸಾಕು. ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿ ಬರುವುದೂ, ಅದು ಫಸಲಿನ ಕಾಲಕ್ಕೇ ಕೂಡಿಬಂದರೆ ತೋಟ ಕಾಯುವುದು ಕಷ್ಟವಾಗುವುದೂ ಬೆಳೆಗಾರರ ಹಳೆಯ ದೂರು. ಆಯುಧಪೂಜೆಯ ದಿನ ಕತ್ತಿ ನೇಗಿಲುಗಳ ಸಾಲಿನಲ್ಲಿ ಕೋವಿಗೂ ಕುಂಕುಮ ಹಚ್ಚುವ ಮನೆಗಳಿವೆ. ನೂರು ವರ್ಷದ ಹಿಂದೆ ದೂರದ ಹಕ್ಕಿಗೆಂದು ಬರ್ಮಿಂಗ್‌ಹ್ಯಾಮಿನಲ್ಲಿ ಬಿಗಿಯಾಗಿ ಕೊರೆದ ಎಡನಳಿಗೆಯಿಂದಲೂ ಮಂಗನಿಗೆ ಕೇಳಿಸುವುದು ಬಲನಳಿಗೆಯ ಸದ್ದೇ.