ಬಲೆ ನೋಡಿ ಜೇಡವನ್ನು ಗುರುತಿಸುವುದು
ಪಶ್ಚಿಮಘಟ್ಟದ ಕಾಲುದಾರಿಗೆ ಅಡ್ಡಲಾಗಿ, ಬಿಸಿಲು ಬಿದ್ದೊಡನೆ ಹೊಂಬಣ್ಣದಲ್ಲಿ ಮಿನುಗುವ ನೂಲಿನ ದೊಡ್ಡ ಬಲೆ ಕಂಡರೆ, ಅದು 1793ರಲ್ಲಿ ಫ್ಯಾಬ್ರೀಷಿಯಸ್ ವೈಜ್ಞಾನಿಕವಾಗಿ ವರ್ಣಿಸಿದ ನೆಫಿಲಾ ಪಿಲಿಪೆಸ್ ಎಂಬ ದೈತ್ಯ ಕಾಡುಜೇಡದ್ದೆಂದು ಬಹುಮಟ್ಟಿಗೆ ಊಹಿಸಬಹುದು. ಬಲೆ ಹರಿಯದಂತೆ ಪಕ್ಕಕ್ಕೆ ನಿಂತು ನೋಡಿದರೆ, ಕಪ್ಪು ಹೊಟ್ಟೆಯ ಮೇಲೆ ಉದ್ದುದ್ದ ಹಳದಿ ಗೆರೆಗಳಿರುವ, 3ರಿಂದ 5 ಸೆಂಟಿಮೀಟರ್ ಉದ್ದದ ಹೆಣ್ಣು ತಲೆಕೆಳಗಾಗಿ ಕುಳಿತಿರುವುದೂ, ಮರಿಯೆಂದೇ ಭ್ರಮೆ ಹುಟ್ಟಿಸುವಷ್ಟು ಪುಟ್ಟ ಗಂಡು ಅದೇ ಬಲೆಯಲ್ಲಿರುವುದೂ ಕಾಣುತ್ತದೆ. ಬಲೆಯ ನಡುವೆ ಗುಣಾಕಾರ ಚಿಹ್ನೆಯಂತೆ ಬಿಳಿಯ ಅಂಕುಡೊಂಕು ಹೆಣಿಗೆ, ಅಂದರೆ ಸ್ಟೆಬಿಲಿಮೆಂಟಮ್, ಇದ್ದಲ್ಲಿ ಅದು ಆರ್ಜಿಯೋಪಿ ಕುಲದ ಜೇಡವಾಗಿರುವ ಸಂಭವ ಹೆಚ್ಚು. ಬೇಟೆಗೆ ಬಲೆ ಹೆಣೆಯದ ಜಿಗಿಯುವ ಜೇಡವನ್ನು, ಎಂಟು ಕಣ್ಣುಗಳ ಪೈಕಿ ಮುಖದ ನಡುವೆ ದೀಪದಂತೆ ಹೊಳೆಯುವ ಎರಡು ದೊಡ್ಡ ಕಣ್ಣುಗಳಿಂದಲೇ ಗುರುತಿಸಬಹುದಾದರೂ, ಪ್ರಭೇದದ ಖಚಿತ ನಿರ್ಣಯಕ್ಕೆ ಬಲಿತ ಜೇಡದ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಬೇಕಾಗುವುದೇ ಹೆಚ್ಚು.